ಒಂಟಿ ಸೀಟಿನ ಗಾಡಿ

ಘಾಜಿಯಾಬಾದಿನ ಅಚ್ಚಪ್ಪನ ಗ್ಯಾರೇಜಿಗೆ ಮೋಟಾರ್‌ಸೈಕಲ್ಲಾಗಿ ಹೋದದ್ದು ಹೊರಗೆ ಬರುವಾಗ ಬೇರೇನೋ ಪ್ರಾಣಿಯಾಗಿರುತ್ತಿತ್ತು. ಅವನು ಅಂಥದೊಂದನ್ನು ಸ್ಟಾರ್ಟ್ ಮಾಡಿದರೆ ಅತ್ತ ದೆಹಲಿಯ ರೋಹಿಣಿಯಲ್ಲಿ ಹರವಿದ ಬಟ್ಟೆ ತಾನಾಗಿ ಒಣಗುತ್ತಿತ್ತು. ನಂಬುವುದಿಲ್ಲವೇ? ಹೋಗಲಿ, ಅರ್ಧ ಒಣಗುತ್ತಿತ್ತು.

ಕೊಡಗಿನಿಂದ ಸೈನ್ಯಕ್ಕೆ ಸೇರಿ, ಲಾರಿ ಜೀಪುಗಳ ಹೊಟ್ಟೆಯ ಕೆಳಗೆ ಮಲಗಿಯೇ ಸರ್ವೀಸು ಮುಗಿಸಿದ ಹವಾಲ್ದಾರ. ಅಲ್ಲಿಂದ ಅವನು ತಂದದ್ದು ಒಂದು ಮೀಸೆ, ಒಂದು ನಿಯಮ. ಮೀಸೆಯ ಮೇಲೆ ಎರಡು ಗುಬ್ಬಿ ಸಂಸಾರ ಹೂಡಬಹುದಿತ್ತು. ನಿಯಮ ಇಷ್ಟೇ: ರಿಪೇರಿ ಮಾಡಿದವನೇ ಗಾಡಿಯನ್ನು ಮೊದಲು ಓಡಿಸಬೇಕು. ಬ್ರೇಕ್ ಕಟ್ಟಿದವನನ್ನೇ ಇಳಿಜಾರಿನಲ್ಲಿ ಮೊದಲು ಬಿಟ್ಟರೆ ನಟ್ಟು ಸಡಿಲ ಉಳಿಯುವುದಿಲ್ಲ ಎನ್ನುವುದು ಅವನ ವೇದಾಂತ. ಅಚ್ಚಪ್ಪ ಓಡಿಸಿ ತಂದುಕೊಟ್ಟ ಗಾಡಿ ಎಂದರೆ ಗಿರಾಕಿಗಳು ಕಣ್ಣು ಮುಚ್ಚಿ ಹತ್ತುತ್ತಿದ್ದರು.

ನಿಜಕ್ಕೂ ಮುಚ್ಚಿಕೊಳ್ಳುತ್ತಿದ್ದದ್ದು ಅಚ್ಚಪ್ಪನ ಕಣ್ಣು ಎಂಬುದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿಯವರು ಕಾಲಾ ಮೋತಿಯಾ ಎನ್ನುವ ಗ್ಲಾಕೋಮಾ ರೋಗ ಸದ್ದಿಲ್ಲದೆ ಎರಡೂ ಕಣ್ಣಿನ ಅಂಚುಗಳನ್ನು ತಿಂದುಹಾಕಿತ್ತು. ಕೊಳವೆಯಲ್ಲಿ ಇಣುಕಿದಂತೆ ಎದುರಿನದಷ್ಟೇ ಕಾಣುತ್ತಿತ್ತು. ಬೋಲ್ಟು ಬಿಗಿಯಲು ಅಷ್ಟು ಸಾಕು. ಪಕ್ಕದಿಂದ ನುಗ್ಗುವ ಇ-ರಿಕ್ಷಾಕ್ಕೆ ಸಾಲದು. ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದು ಹೆಂಡತಿ ದೇಚಮ್ಮನಿಗೆ ಮಾತ್ರ ಗೊತ್ತಿತ್ತು. ಅಂದಿನಿಂದ ಅವಳು ಪ್ರತಿ ಟೆಸ್ಟ್ ರೈಡಿಗೂ ಹಿಂದೆ ಕೂತಳು. ಎಡಗಡೆ ಅಪಾಯವಿದ್ದರೆ ಎಡ ಭುಜ ತಟ್ಟುವಳು, ಬಲಗಡೆಯಾದರೆ ಬಲ ಭುಜ. ಬ್ರೇಕ್ ಹಾಕಬೇಕಾದರೆ ಸೊಂಟ ಚಿವುಟುವಳು. ಈ ವಯಸ್ಸಿನಲ್ಲೂ ಎಂಥ ಪ್ರೇಮ ಎಂದು ಇಡೀ ಬೀದಿ ಹೊಟ್ಟೆಕಿಚ್ಚು ಪಟ್ಟಿತು. ಆ ದಂಪತಿಯನ್ನು ನೋಡಿ ಎದುರು ಮನೆಯಲ್ಲಿ ಮೂರು ಜಗಳವಾಗಿದ್ದವು.

ಹೀಗಿರುವಾಗ ಆರ್.ಕೆ.ಪುರಂನ ಯಶವಂತ್ ತನ್ನ ಬುಲೆಟ್ಟಿಗೆ ಅಗಲದ ಹಿಂದಿನ ಟಯರು ಹಾಕಿಸಲು ಬಂದ. ನಮ್ಮ ಕನ್ನಡದ ಹುಡುಗ, ಸರ್ಕಾರಿ ಕೆಲಸ. ಅವನು ತಂದ ಟಯರಿನ ಮೇಲೆ ಎಲೆ ಹಾಕಿ ನಾಲ್ಕು ಜನ ಊಟ ಮಾಡಬಹುದಿತ್ತು. ಅಚ್ಚಪ್ಪ ಹಿಂದಿನ ಗಾಲಿಯನ್ನು ಹಿಡಿಯುವ ಕವಲನ್ನು ಅಗಲಿಸಿ ವೆಲ್ಡ್ ಮಾಡಿದ, ಚೈನು ಟಯರಿಗೆ ತಾಗದಂತೆ ಹಲ್ಲುಚಕ್ರವನ್ನು ಹೊರಕ್ಕೆ ಸರಿಸಿದ. ಉಳಿದದ್ದು ಎರಡು ಗಾಲಿಗಳನ್ನೂ ಒಂದೇ ನೇರಕ್ಕೆ ತರುವ ಕೆಲಸ.

ಮುಂದಿನ ಭಾನುವಾರ ಬೆಳಿಗ್ಗೆ ಯಶವಂತ್ ಹೊಸ ಸೀಟು ಹಿಡಿದುಕೊಂಡು ಬಂದ. ಒಬ್ಬರಿಗಷ್ಟೇ ಜಾಗ. ಹಿಂದೆ ಬರಿಯ ಟಯರು.

"ಇದೇನು, ಹಿಂದೆ ಕೂರೋದು ಎಲ್ಲಿ?" ಎಂದಳು ದೇಚಮ್ಮ.

"ಟಯರ್ ಕಾಣ್ಬೇಕಲ್ಲ ಆಂಟಿ! ಅದಕ್ಕೇ ತಾನೆ ಇಷ್ಟೆಲ್ಲ ಮಾಡ್ಸಿದ್ದು. ಇವತ್ತು ಅಂಕಲ್ ಒಬ್ರೇ ಹೀರೋ."

ಅಚ್ಚಪ್ಪ ನಕ್ಕ. ದೇಚಮ್ಮ ನಗಲಿಲ್ಲ. ಹೊರಗೆ ಘಾಜಿಯಾಬಾದಿನ ಟ್ರಾಫಿಕ್ಕು ಎಂದಿನಂತೆ ಒಂದರ ಮೇಲೊಂದು ಹತ್ತಿಕೊಂಡು ಹೋಗುತ್ತಿತ್ತು.

ಗಾಲಿಯ ನೇರ ನೋಡುವುದು ಅವರಿಬ್ಬರ ಕೂಡು ಕೆಲಸ. ಹಿಂದಿನ ಟಯರನ್ನು ಬಳಸಿ ದಾರ ಸುತ್ತಿ, ಅದರ ಎರಡೂ ಎಳೆಗಳನ್ನು ಇಕ್ಕೆಲದಿಂದ ಮುಂದಿನ ಗಾಲಿಯ ತನಕ ಬಿಗಿಯಾಗಿ ಎಳೆಯುವುದು. ಮುಂದಿನ ಟಯರು ಸಣ್ಣದಾದ್ದರಿಂದ ದಾರಕ್ಕೂ ಅದಕ್ಕೂ ನಡುವೆ ಸಂದು ಉಳಿಯುತ್ತದೆ. ಎರಡೂ ಕಡೆ ಸಂದು ಒಂದೇ ಆದರೆ ಗಾಲಿ ನೇರ. ಮುಂದೆ ಕೂತು ಅಳತೆಪಟ್ಟಿ ಹಿಡಿಯುವವಳು ದೇಚಮ್ಮ, ಹಿಂದೆ ಬೋಲ್ಟು ತಿರುಗಿಸುವವನು ಅವನು. ಅವಳ ಮಾತನ್ನು ಅವನು ಒಮ್ಮೆಯೂ ಎದ್ದು ಬಂದು ಪರೀಕ್ಷಿಸಿದವನಲ್ಲ.

ಪಟ್ಟಿ ಇಟ್ಟಳು. ಎರಡೂ ಸಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮನಾಗಿದ್ದವು.

"ಹೇಗಿದೆ?"

"ಸರಿಯಿಲ್ಲ," ಎಂದಳು ದೇಚಮ್ಮ. "ಎಡಗಡೆ ಜಾಸ್ತಿ."

ಅವನು ಬೋಲ್ಟು ತಿರುಗಿಸಿದ. "ಈಗ?"

"ಇನ್ನೂ ಇದೆ."

ಹೊತ್ತು ಹೋದರೆ ಹುಡುಗ ಬೇಸತ್ತು ಮನೆಗೆ ಹೊರಡುತ್ತಾನೆ, ಟೆಸ್ಟ್ ರೈಡು ನಾಳೆಗೆ ಬೀಳುತ್ತದೆ, ನಾಳೆಯೊಳಗೆ ಏನಾದರೂ ಹೊಳೆದೀತು. ಅಷ್ಟೇ ಅವಳ ಲೆಕ್ಕ. ಯಶವಂತ್ ಹೊರಡಲಿಲ್ಲ. ಚಹಾ ತರಿಸಿದ, ಮತ್ತೆ ತರಿಸಿದ. "ಆಂಟಿ, ರಾಕೆಟ್ ಬಿಡೋರೂ ಇಷ್ಟು ಅಳೆಯಲ್ಲ," ಎಂದ. ಅವಳು ಸುಳ್ಳು ಹೇಳುತ್ತಲೇ ಹೋದಳು, ಅವನು ನಂಬಿ ತಿರುಗಿಸುತ್ತಲೇ ಹೋದ. ನೆಟ್ಟಗಿದ್ದ ಗಾಲಿ ಓರೆಯಾಗುತ್ತ ಬಂತು. ಆ ಗಾಡಿ ಈಗ ರಸ್ತೆಗಿಳಿದರೆ ಕಣ್ಣಿದ್ದವನೂ ಉಳಿಯುವುದು ಕಷ್ಟ ಎಂದು ಅವಳಿಗೆ ಆಗ ಹೊಳೆಯಿತು.

"ಹಾಂ... ಈಗ ನಿಲ್ಲಿಸಿ," ಎಂದಳು.

ಅಚ್ಚಪ್ಪ ಗಾಲಿಯನ್ನು ಕೈಯಿಂದ ತಿರುಗಿಸಿದ. ಕರ್ರ್ ಎಂದಿತು. ಚೈನು ಟಯರಿನ ಅಂಚನ್ನು ಕಚ್ಚುತ್ತಿತ್ತು. ಅವನು ಅಂಗೈ ಇಟ್ಟು ಗಾಲಿಯನ್ನು ನಿಲ್ಲಿಸಿ, ಎರಡೂ ಕಡೆಯ ಬೋಲ್ಟುಗಳನ್ನು ಬೆರಳಿನಿಂದ ತಡವಿ ನೋಡಿದ.

"ದೇಚು, ಮೊದಲೇ ಸರಿಯಿತ್ತು ಅಲ್ವಾ?"

ಅವಳು ಅಳತೆಪಟ್ಟಿಯನ್ನು ನೆಲಕ್ಕಿಟ್ಟಳು. ಅವನು ಆ ಒಂಟಿ ಸೀಟಿನ ಕಡೆ ನೋಡಿದ, ಕೊಳವೆಯೊಳಗಿಂದ ನೋಡಿದ ಹಾಗೆ, ತುಂಬ ಹೊತ್ತು. ಆಮೇಲೆ ತಿರುಗಿಸಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಿದ. "ಈಗ ನಿಜ ಹೇಳು."

"ಸಮ ಇದೆ."

"ಸುಳ್ಳಲ್ಲ ತಾನೆ?"

"ಅಲ್ಲ."

ಅವನು ನಟ್ಟು ಬಿಗಿದು, ಕೈ ಒರೆಸಿಕೊಂಡು, ಕೀಲಿಯನ್ನು ಯಶವಂತನ ಕಡೆ ಚಾಚಿದ. "ನೀನೇ ಓಡಿಸಿ ನೋಡು, ಮರಿ. ನಂಗೆ ಕಣ್ಣು ಕಾಣಲ್ಲ."

"ಅಂಕಲ್, ಮಜಾಕ್ ಮಾಡ್ಬೇಡಿ."

"ಮಜಾಕ್ ಅಲ್ಲ. ಪಕ್ಕದ್ದೇನೂ ಕಾಣಲ್ಲ. ಇಷ್ಟು ದಿನ ಓಡಿಸ್ತಿದ್ದದ್ದು ಇವಳು."

ಹುಡುಗನ ಮುಖದ ನಗು ಹೋಯಿತು. ಅವನು ವೆಲ್ಡಿಂಗ್ ನೋಡಿದ, ಚೈನು ನೋಡಿದ, ಸೀಟಿನ ಮೇಲೆ ಕೈಯಿಟ್ಟು ತೆಗೆದ. ಕೆಟ್ಟವನಲ್ಲ. ಆದರೆ ಜೀವ ಎಲ್ಲರಿಗೂ ಒಂದೇ. "ಅಚ್ಛಾ ಅಂಕಲ್, ಇವತ್ತು ಬೇಡ," ಎಂದು ಹೊರಗೆ ಹೋಗಿ ಫೋನು ಮಾಡಿದ. ಟೆಂಪೊ ಬಂತು. ಒಮ್ಮೆ ಇನ್ನೊಬ್ಬರಿಗೂ ತೋರಿಸ್ತೀನಿ ಎಂದದ್ದು ಬಾಯೊಳಗೇ ಇತ್ತು, ಆದರೂ ಎಲ್ಲರಿಗೂ ಕೇಳಿಸಿತು.

ಗಾಡಿಯನ್ನು ಹಲಗೆಯ ಮೇಲೆ ಹತ್ತಿಸುವಾಗ ಅಚ್ಚಪ್ಪನೂ ಹೆಗಲು ಕೊಟ್ಟ. ಹಲಗೆಯ ಅಂಚು ಕಾಣದೆ ಅವನ ಕಾಲು ಜಾರಿತು. ದೇಚಮ್ಮ ಅವನ ತೋಳು ಹಿಡಿದಳು. ಈ ಸಲ ಅವಳು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

"ಭಯ್ಯಾ, ಹಗ್ಗ ಹಿಂದೆ ಬಿಗಿಯಾಗಿ ಕಟ್ಟು," ಎಂದು ಹಿಂದಿಯಲ್ಲಿ ಕೂಗಿದ ಅಚ್ಚಪ್ಪ. "ಭಾರವೆಲ್ಲ ಹಿಂದೇ ಇದೆ."

ಅಚ್ಚಪ್ಪನಿಗೆ ಕಾಣದ ಬದಿಯಲ್ಲಿ ಟೆಂಪೊ ಡ್ರೈವರು ಆಗಲೇ ಕಟ್ಟಿ ಮುಗಿಸಿದ್ದ.