ಸದ್ದಿಲ್ಲದ ಬಾಗಿಲು

ಆ ಬಡಾವಣೆಯ ಬ್ಯಾಂಕು, ದವಾಖಾನೆ, ಕಚೇರಿಗಳಲ್ಲಿ ಬಾಗಿಲು ದಢಾರೆಂದು ಬಡಿದುಕೊಂಡರೆ ಜನ ಫೋನು ಮಾಡುತ್ತಿದ್ದುದು ಬಾಗಿಲಣ್ಣನಿಗೆ. ಅಡ್ಡಹೆಸರೇ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಕ್ಕನಿಗೆ ಮಾತ್ರ ಅವನು ಐವತ್ತು ದಾಟಿದರೂ ಪುಟ್ಟ.

ಅವನು ಸ್ಟೂಲು ಹತ್ತಿ, ಬಾಗಿಲನ್ನು ತಾನಾಗಿ ಮೆಲ್ಲಗೆ ಮುಚ್ಚಿಸುವ, ಅದರ ನೆತ್ತಿಯ ಮೇಲಿನ ಕ್ಲೋಸರಿಗೆ ಕೈ ಹಾಕಿದನೆಂದರೆ ಪಕ್ಕದಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಒಂದು ಸ್ಕ್ರೂ ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಚೌಕಟ್ಟು ಮುಟ್ಟುವ ಕೊನೆಯ ನಾಲ್ಕು ಬೆರಳು ದೂರಕ್ಕೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಸ್ಪ್ರಿಂಗ್ ಬಿಗಿಯಾದ್ರೆ ವಯಸ್ಸಾದವ್ರು ತಳ್ಳೋಕಾಗಲ್ಲ, ಸಡಿಲ ಆದ್ರೆ ಬಾಗಿಲು ಪೂರ್ತಿ ಮುಚ್ಕೊಳಲ್ಲ," ಎಂದು ಕೇಳದವರಿಗೂ ಪಾಠ ಹೇಳುತ್ತಿದ್ದ. ಇಂಥವನ ಮನೆಯ ಬಾಗಿಲೇ ಎಂಟು ವರ್ಷ ದಢಾರೆನ್ನುತ್ತಿತ್ತು. ನಗಬೇಡಿ, ಕಸುಬಿನವರ ಮನೆಗಳಿರುವುದೇ ಹಾಗೆ.

ಮನೆಯಲ್ಲಿದ್ದವರು ಇಬ್ಬರೇ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕನಿಗೆ ಆರು ವರ್ಷದಿಂದ ಕಣ್ಣು ಕಾಣದು. ಅವನು ಹೊರಟರೆ ಸಾಕು, "ಎಲ್ಲಿಗೋ? ಎಷ್ಟೊತ್ತಿಗೆ ಬರ್ತೀಯ? ಊಟಕ್ಕೆ ಕಾಯ್ಲಾ?" ಎಂದು ಶುರು. ಪ್ರಶ್ನೆ ಮೂರೇ. ಆದರೆ ಒಂದೊಂದು ಉತ್ತರಕ್ಕೂ ಮತ್ತೆ ಮೂರು ಹುಟ್ಟಿ ಹತ್ತು ನಿಮಿಷ ಹಾರಿಹೋಗುತ್ತಿತ್ತು.

ಕೆಳಗಿನ ಮನೆಯವರು ಸದ್ದು ತಾಳಲಾರದೆ ಜಗಳಕ್ಕೆ ಬಂದ ದಿನ ಅವನು ಕೊನೆಗೂ ಒಂದು ಕ್ಲೋಸರ್ ಹಾಕಿದ. ಮನಸ್ಸಿಟ್ಟು ಹಾಕಿದ. ಬಾಗಿಲು ಬೆಕ್ಕಿನ ಹಾಗೆ ಬಂದು ಚೌಕಟ್ಟಿನಲ್ಲಿ ಕೂತಿತು. "ಮುಚ್ಕೊಂಡ್ತಾ?" ಎಂದು ಅಕ್ಕ ಕೇಳಿದಾಗ ಅವನಿಗೆ ಹಿಡಿಸಲಾರದಷ್ಟು ಹೆಮ್ಮೆ.

ಮರುದಿನ ಬೆಳಿಗ್ಗೆ ದವಾಖಾನೆಯಿಂದ ಎರಡು ಸಲ ಫೋನು ಬಂದಿತ್ತು. ಅಕ್ಕ ಕಿಟಕಿ ಪಕ್ಕ ಕೂತು ತನ್ನ ಶಾಲೆಯ ದಿನಗಳದ್ದು ಏನೋ ಹೇಳುತ್ತಿದ್ದಳು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಜಾರಿಕೊಂಡ. ಬಾಗಿಲು ಬಾಯಿ ಬಿಡಲಿಲ್ಲ. ಸಂಜೆ ಬಂದರೆ ಎಲ್ಲಿಗೆ ಹೋಗಿದ್ದೆ ಎಂದು ಅಕ್ಕ ಕೇಳಲೇ ಇಲ್ಲ; ಬಚಾವಾದೆ ಅಂದುಕೊಂಡ. ಆ ಒಂದು ದಿನದ ಕಳ್ಳಾಟ ಎರಡು ವಾರದ ಅಭ್ಯಾಸವಾಯಿತು. ಒಳಗೊಳಗೆ ಚುಚ್ಚುತ್ತಿತ್ತು, ಸುಳ್ಳೇಕೆ. ಆದರೂ ಹತ್ತು ನಿಮಿಷ ಉಳಿಯುತ್ತಿತ್ತಲ್ಲ.

ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಚೀಲ ತಡಕಿದರೆ ಸ್ಕ್ರೂಡ್ರೈವರ್ ಇಲ್ಲ. ವಾಪಸು ಬಂದು ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ಅಕ್ಕ ಅವನ ಖಾಲಿ ಕುರ್ಚಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದಳು. "ಆ ಕೊಡೆ ಹಸಿರೇ ಕಣೋ ಪುಟ್ಟ, ನೀನು ನೀಲಿ ಅಂತ ಹಟ ಹಿಡಿದಿದ್ದೆ," ಎಂದು ತಾನೇ ನಕ್ಕಳು.

ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಕಣ್ಣಿಲ್ಲದವಳಿಗೆ ಕಿವಿಯಾದರೂ ಇತ್ತು, ತನ್ನ ಕೈಚಳಕದಿಂದ ಅದನ್ನೂ ಮುಚ್ಚಿದ್ದ. ಸ್ಕ್ರೂಡ್ರೈವರ್ ಎತ್ತಿಕೊಂಡು, ಸ್ಟೂಲು ಎಳೆದು ಹತ್ತಿ, ಎರಡನೇ ಸ್ಕ್ರೂವನ್ನು ಒಂದು ಪೂರ್ತಿ ಸುತ್ತು ಸಡಿಲಿಸಿದ. ಬಾಗಿಲು ಢಬ್ಬೆಂದಿತು.

"ಏನೋ ಅದು?" ಅಕ್ಕ ಬೆಚ್ಚಿದಳು.

"ಏನಿಲ್ಲಕ್ಕ. ಇನ್ಮೇಲೆ ಸದ್ದಾಗ್ಲಿ ಅಂತ. ನಾನು ಹೋಗಿದ್ದು ನಿಂಗೆ ಗೊತ್ತಾಗ್ಬೇಕಲ್ಲ. ಎರಡು ವಾರದಿಂದ ಹೇಳ್ದೆ ಕೇಳ್ದೆ ಹೋಗ್ತಿದ್ದೆ. ತಪ್ಪಾಯ್ತು."

"ಗೊತ್ತು ಬಿಡೋ. ಮೊದಲ್ನೇ ದಿನ ಗೊತ್ತಾಗ್ಲಿಲ್ಲ. ನೀರು ಕೊಡು ಅಂತ ಮೂರು ಸಲ ಕೇಳ್ದೆ."

ಅವನು ಸ್ಟೂಲಿನ ಮೇಲೇ ನಿಂತಿದ್ದ.

"ಆಮೇಲೆ ಕೇಳೋದೇ ಬಿಟ್ಟೆ," ಅಂದಳು ಅಕ್ಕ. "ಬರೀ ಹೇಳ್ತಾ ಇದ್ದೆ. ಆ ಸದ್ದು ಬೇಡ ಪುಟ್ಟ, ಈ ಎರಡು ವಾರ ಇದ್ದ ಹಾಗೇ ಮಾಡು. ಸದ್ದಿಲ್ದಿದ್ರೆ ನೀನು ಇಲ್ಲೇ ಇದೀಯ ಅಂದ್ಕೊಂಡು ನಾನು ಕೂತಿರಬಹುದು."

ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಯಾವ ಕಡೆಗೆ ತಿರುಗಿಸಬೇಕೆಂದು ಅವನಿಗೆ ತಿಳಿಯಲಿಲ್ಲ.