ಕೆನ್ನೆಗೆ ಗೊತ್ತಾಗುವ ಮುಳ್ಳು

ಸಾಂತಾಕ್ರೂಜ್‌ನ ಹಳೆಯ ಮೂರು ಮಹಡಿ ಬಿಲ್ಡಿಂಗೊಂದರ ಹಿಂಭಾಗ. ಬೆಳಗಿನ ಆರೂಮುಕ್ಕಾಲು. ನೆಲಮಹಡಿಯ ಮನೆಗೆ ಸೇರಿದ, ಎರಡು ಹೊರಸು ಹಾಸುವಷ್ಟು ಜಾಗದ ಕೈತೋಟದಲ್ಲಿ ಹಸೀನಾ ಮೊಣಕಾಲೂರಿ ಕೂತಿದ್ದಾರೆ. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ನಿಧಾನವಾಗಿ ಬಾಗಿ, ಬಲಗೆನ್ನೆಯನ್ನು ಮಣ್ಣಿನ ಹತ್ತಿರಕ್ಕೆ ತರುತ್ತಾರೆ. ಅಲ್ಲೊಂದು ಎರಡೆಲೆಯ ಸಸಿ ಇದೆ. ಅದಕ್ಕೆ ಕೆನ್ನೆ ತಾಗಿಸಿ ಕಣ್ಣು ಮುಚ್ಚುತ್ತಾರೆ. ವಿಮಾನವೊಂದು ಬಿಲ್ಡಿಂಗಿನ ನೆತ್ತಿಗೆ ತಾಗುವಂತೆ ಹಾದು ಹೋಗುತ್ತದೆ. ಅವರು ಅಲುಗಾಡುವುದಿಲ್ಲ.

ಹೊಸ ವಾಚ್‌ಮನ್ ಮೊದಲ ದಿನ ಇದನ್ನು ಕಂಡು, ಮುದುಕಿ ತಲೆಸುತ್ತಿ ಬಿದ್ದಿದ್ದಾಳೆಂದು ನೀರಿನ ಬಾಟಲಿ ಹಿಡಿದು ಓಡಿ ಬಂದಿದ್ದನಂತೆ. "ಗಿರಿ ನೈ ಬಾಬಾ, ಪೂಛ್ ರಹಿ ಹೂಂ" ಎಂದರಂತೆ ಹಸೀನಾ. ಬಿದ್ದಿಲ್ಲ, ವಿಚಾರಿಸುತ್ತಿದ್ದೇನೆ.

ಹಸೀನಾಗೆ ಐವತ್ತೇಳು. ವಿಜಯಪುರ ಕಡೆಯವರು. ಮನೆಯಲ್ಲಿ ದಖನಿ, ಕೆಲಸದಲ್ಲಿ ಕನ್ನಡ, ರೈಲಿನಲ್ಲಿ ಹಿಂದಿ. ಘಾಟ್ಕೋಪರ್‌ನ ಗುಡ್ಡದ ಮೇಲಿನ ಚಾಳಿನಿಂದ ಕತ್ತಲಲ್ಲೇ ಇಳಿದು, ಮೆಟ್ರೋ ಹಿಡಿದು ಅಂಧೇರಿಗೆ, ಅಲ್ಲಿಂದ ಲೋಕಲ್‌ನಲ್ಲಿ ಸಾಂತಾಕ್ರೂಜ್‌ಗೆ ಬರುತ್ತಾರೆ. ಕೈಚೀಲದಲ್ಲಿ ಕಳೆ ಕೀಳುವ ಒಂದು ಕುರ್ಪಿ, ಒಂದು ಹಳೆಯ ಕಂಬಳಿ ತುಂಡು, ಮಡಚಿದ ಗೋಣಿಚೀಲ. ವಾರಕ್ಕೆ ಹದಿನಾಲ್ಕು ತೋಟ. ಹೂವಿನ ಗಿಡ ನೆಡುವ, ಕತ್ತರಿಸುವ, ಗೊಬ್ಬರ ಹಾಕುವ ಕೆಲಸಕ್ಕೆ ಮಾಳಿಗಳಿದ್ದಾರೆ. ಮಾಳಿಗಳು ಮುಟ್ಟಲು ಹಿಂಜರಿಯುವ ಮುಳ್ಳಿನ ಕಳೆ ಮಾತ್ರ ಹಸೀನಾರ ಪಾಲಿಗೆ.

ಒಂದೊಂದು ಮುಳ್ಳಿಗೆ ಒಂದೊಂದು ರೀತಿ. ಮುಳ್ಳುಹರಿವೆಯ ಕೆಂಪು ದಂಟಿನಲ್ಲಿ ಎಲೆ ಕೂಡುವಲ್ಲಿ ಜೋಡಿ ಮುಳ್ಳು. ಅದನ್ನು ತೆನೆ ಬಿಡುವ ಮೊದಲೇ, ಮಣ್ಣು ಹಸಿಯಿದ್ದಾಗ, ಬುಡದಲ್ಲಿ ಹಿಡಿದು ಎಳೆಯಬೇಕು. ಮುಟ್ಟಿದರೆ ಮುನಿಯ ಬೇರು ಗೇಣುದ್ದ ಇಳಿದಿರುತ್ತದೆ, ಎಳೆದರೆ ಹರಿದು ಮತ್ತೆ ಚಿಗುರುತ್ತದೆ. ಸುತ್ತ ಕುರ್ಪಿ ಆಡಿಸಿಯೇ ಎಬ್ಬಿಸಬೇಕು. ನೆಗ್ಗಿಲ ಬಳ್ಳಿಯನ್ನು ಚಾಪೆ ಸುತ್ತಿದಂತೆ ಅಂಚಿನಿಂದ ನಡುವಿಗೆ ಸುತ್ತುತ್ತ ಬರಬೇಕು. ಉದುರಿದ ಕಾಯಿಗಳ ಮೇಲೆ ಕಂಬಳಿ ತುಂಡು ಒತ್ತಿ ಎತ್ತಿದರೆ ಮುಳ್ಳೆಲ್ಲ ಅದಕ್ಕೆ ಕಚ್ಚಿಕೊಂಡು ಬರುತ್ತವೆ. ಕಿತ್ತದ್ದನ್ನು ತೋಟದ ಮೂಲೆಯಲ್ಲೂ ಬಿಡುವುದಿಲ್ಲ. ಗೋಣಿಚೀಲಕ್ಕೆ ತುಂಬಿ, ಅವತ್ತೇ ಕಸದ ಗಾಡಿಗೆ ಹಾಕಿಯೇ ಮನೆಯ ದಾರಿ ಹಿಡಿಯುತ್ತಾರೆ.

ಈ ವಿದ್ಯೆ ಬಂದದ್ದು ಹೊಲದಿಂದ. ಒಂಬತ್ತನೇ ವಯಸ್ಸಿಗೆ ಹೆಂಗಸರ ಸಾಲಿನಲ್ಲಿ ಕಸ ತೆಗೆಯಲು ಕೂತವರು. ಬೆರಳಿನಿಂದ ಕಳೆ ಗುರುತಿಸಲು ಕಲಿಸಿದ್ದು ಚಿಕ್ಕಮ್ಮ. "ನಮ್ಮ ಖಾಲಾ ಕಣ್ಣಿಗೆ ಅರಬಿ ಕಟ್ಟಿ ಕೂಡಸ್ತಿದ್ಲ್ರಿ. ಬಳ್ಳಲೆ ನೋಡು ಅಂತಿದ್ಲು. ಕಣ್ಣು ಹಸರ ಅಂತೈತಿ ಅಷ್ಟ, ಯಾವ ಹಸರ ಅಂತ ಬಳ್ಳ ಹೇಳತೈತಿ." ಮದುವೆಯಾಗಿ ಮುಂಬಯಿಗೆ ಬಂದು, ನೆಲಕ್ಕೆ ಫರಶಿ ಕಲ್ಲು ಕೂರಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಆ ಬೆರಳುಗಳೇ ಮಗಳು ಬುಷರಾಳನ್ನು ಓದಿಸಿದವು. ಬುಷರಾ ಈಗ ಘಾಟ್ಕೋಪರ್‌ನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಆ ಬೆರಳುಗಳಿಗೆ ಈಗ ಏನೂ ಗೊತ್ತಾಗುವುದಿಲ್ಲ.

ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ತುದಿಗಳಲ್ಲಿ ಜುಮುಗುಡುವುದು ಶುರುವಾಯಿತು. ಆಮೇಲೆ ಅದೂ ನಿಂತಿತು. ಹಸೀನಾ ಯಾರಿಗೂ ಹೇಳಲಿಲ್ಲ. ಮುಳ್ಳು ಚುಚ್ಚಿದ್ದು ತಿಳಿಯದೆ, ಒಳಗೇ ಕೀವಾಗಿ, ಎಡಗೈ ಕಿರುಬೆರಳಿನ ತುದಿಯನ್ನು ಡಾಕ್ಟರು ತೆಗೆದಾಗಲೂ ಬಾಗಿಲ ಸಂದಿಗೆ ಸಿಕ್ಕಿತೆಂದು ತೋಟದ ಮನೆಗಳಲ್ಲಿ ಹೇಳಿದರು. ಈಗ ದಿನಾ ಸಂಜೆ ಬುಷರಾ ಟ್ಯೂಬ್‌ಲೈಟಿನ ಕೆಳಗೆ ತಾಯಿಯ ಅಂಗೈ ಹರಡಿಕೊಂಡು ಸೇಫ್ಟಿಪಿನ್ನಿನಿಂದ ಮುಳ್ಳು ತೆಗೆಯುತ್ತಾಳೆ. ಡಾಕ್ಟರಿಗೆ ತೋರಿಸಲೆಂದು ಮೊಬೈಲಿನಲ್ಲಿ ಲೆಕ್ಕ ಬರೆದಿಡುತ್ತಾಳೆ. ಸೋಮವಾರ ಒಂಬತ್ತು, ಮಂಗಳವಾರ ಆರು, ಬುಧವಾರ ಹದಿಮೂರು.

"ಅಮ್ಮಿ ಅಳಲ್ಲ," ಎನ್ನುತ್ತಾಳೆ ಬುಷರಾ, ಕನ್ನಡವನ್ನು ಹುಡುಕಿ ಹುಡುಕಿ. "ಪಿನ್ ಒಳಗೆ ಹೋದ್ರೂ ಟಿವಿ ನೋಡ್ತಾಳೆ. ಅಳ್‌ಬೇಕು ನಾ? ವಹೀ ತೋ ಪ್ರಾಬ್ಲಮ್ ಹೈ."

ಈ ಬೆಳಗಿನ ತೋಟ ಬಸಲಿಂಗವ್ವ ಅವರದು. ಎಪ್ಪತ್ತೆರಡು ವರ್ಷ, ಧಾರವಾಡ ಕಡೆಯವರು, ಮೊಣಕಾಲು ಮಡಚಲು ಬರುವುದಿಲ್ಲ. ಹಿಂಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ತಂಗಿ ಹನುಮವ್ವ ಪ್ರತಿ ಬೇಸಿಗೆಯಲ್ಲಿ ಊರಿನಿಂದ ಮುಳಗಾಯಿ ಬದನೆಯ ಬೀಜವನ್ನು ಅರಿವೆಯಲ್ಲಿ ಗಂಟು ಕಟ್ಟಿ ಕಳಿಸುತ್ತಿದ್ದರು. ತವರಿನ ಹಿತ್ತಲಿನ ತಳಿ, ತೊಟ್ಟಿಗೆ ಮುಳ್ಳಿರುವ ಬದನೆ. ಹೋದ ವರ್ಷ ಗಂಟು ಬಂದ ತಿಂಗಳಿಗೆ ಹನುಮವ್ವ ತೀರಿಕೊಂಡರು. ಬೇರೆ ಬೀಜ ಉಳಿದಿದೆಯೇ ಎಂದು ಬಸಲಿಂಗವ್ವ ಫೋನ್ ಮಾಡಿ ವಿಚಾರಿಸಿದ್ದರು. ಬೀಜದ ಗಡಿಗೆಯನ್ನು ತೊಳೆದು ನೀರು ತುಂಬಿಟ್ಟಿದ್ದೇವೆ ಎಂದರಂತೆ ಆ ಮನೆಯವರು.

ಜೂನಿನಲ್ಲಿ ಬೀಜ ಹಾಕಿದರು. ಜುಲೈ ಹೊತ್ತಿಗೆ ಮಡಿ ತುಂಬ ಸಸಿ. ಬದನೆಯ ನಡುನಡುವೆ ಕಾಡುಗುಳ್ಳವೂ ಎದ್ದಿತ್ತು. ಅದೂ ಬದನೆಯ ಜಾತಿಯದೇ, ಎಲೆ ಒಂದೇ ಬಗೆ, ಹೂವೂ ಅದೇ ನೇರಳೆ; ಗೋಲಿಯಷ್ಟು ಕಹಿ ಕಾಯಿ ಬಿಡುವ ಮುಳ್ಳುಗಿಡ. ಸಣ್ಣದಿದ್ದಾಗ ವ್ಯತ್ಯಾಸ ಇರುವುದು ಎಲೆಯ ಬೆನ್ನಿನ ನಡುನರದಲ್ಲಿ. ಗುಳ್ಳಕ್ಕೆ ಅಲ್ಲಿ ಕೂದಲೆಳೆಯಷ್ಟು ಸಣ್ಣ ಹಲ್ಲು ಮೂಡಿರುತ್ತದೆ. ಬದನೆಗೆ ಬೆಕ್ಕಿನ ಕಿವಿಯಂಥ ತುಪ್ಪಳ.

ಹಸೀನಾ ಒಂದೊಂದನ್ನೂ ಮುಟ್ಟಿದರು. ಎಲ್ಲವೂ ನುಣುಪಾಗಿದ್ದವು. ನುಣುಪಾಗಿದ್ದದ್ದು ಎಲೆಯಲ್ಲ, ತನ್ನ ಬೆರಳು ಎಂಬ ಅನುಮಾನ ಆಗಲೇ ಇತ್ತು ಎಂದು ಅವರು ಈಗ ಒಪ್ಪುತ್ತಾರೆ. ಆದರೂ ಮಡಿ ತೆಳುಗೊಳಿಸಲು ಕೂತರು. ದಷ್ಟಪುಷ್ಟವಾಗಿದ್ದ ಹನ್ನೊಂದನ್ನು ಉಳಿಸಿ, ನರಪೇತಲವಾದವನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿದರು. ಕುರ್ಚಿಯಲ್ಲಿದ್ದ ಬಸಲಿಂಗವ್ವ, ಖಾತ್ರಿ ಏನು ಎಂದು ಕೇಳಿದ್ದರು.

"ನನ್ನ ಬಳ್ಳು ಎಂದರ ಸುಳ್ಳ ಹೇಳ್ಯಾವೇನ್ರಿ ಅವ್ವಾರ, ಅಂದೆ. ನಕ್ಕೊಂತ ಅಂದೆ ನೋಡ್ರಿ," ಎನ್ನುತ್ತಾರೆ ಹಸೀನಾ. ಈ ಮಾತು ಹೇಳುವಾಗ ಕೈಯೆರಡನ್ನೂ ಸೆರಗಿನ ಒಳಗೆ ಇಟ್ಟುಕೊಳ್ಳುತ್ತಾರೆ.

ಎರಡು ತಿಂಗಳು ಇಬ್ಬರೂ ಸೇರಿ ಆ ಹನ್ನೊಂದು ಗಿಡಗಳನ್ನು ಸಾಕಿದರು. ಅಕ್ಕಿ ತೊಳೆದ ನೀರು ಹಾಕಿದರು, ಕೋಲು ನಿಲ್ಲಿಸಿದರು. ಮುಳ್ಳು ಬಂದಾಗ, ಮುಳಗಾಯಿ ಎಂದ ಮೇಲೆ ಮುಳ್ಳು ಬರಬೇಕಲ್ಲ ಎಂದು ಬಸಲಿಂಗವ್ವ ಸಮಾಧಾನಪಟ್ಟರು. ಹೂವಾದಾಗ ತಂಗಿಯ ಫೋಟೋಗೆ ಒಂದು ಹೂ ಇಟ್ಟರು. ಸೆಪ್ಟೆಂಬರಿನಲ್ಲಿ ಕಾಯಿ ಕಚ್ಚಿತು. ಗೋಲಿಯಷ್ಟಾಗಿ ಅಲ್ಲಿಗೇ ನಿಂತು, ಹಣ್ಣಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಹವಾ ಸರಿಯಿಲ್ಲ, ಬೀಜ ಹಳೆಯದಿತ್ತು ಎಂದು ಏನಾದರೂ ಹೇಳಬಹುದಿತ್ತು. ಹಸೀನಾ ಹೇಳಿದ್ದು ಇಷ್ಟು: "ಅವ್ವಾರ, ಇವು ಹನುಮವ್ವಾರ ಬದನಿ ಅಲ್ರಿ. ಅವನ್ನ ನಾನ ಕಿತ್ತ ಒಗದೀನ್ರಿ. ನನ್ನ ಬಳ್ಳು ಸತ್ತು ಎರಡ ವರ್ಷ ಆತು."

ಬಸಲಿಂಗವ್ವ ಒಳಗೆ ಹೋಗಿ ಎಂದಿನ ಕಪ್ಪಿನಲ್ಲಿ ಚಹಾ ತಂದಿಟ್ಟರು. ಮುಂದಿನ ವಾರವೂ, ಅದರ ಮುಂದಿನ ವಾರವೂ ಹಾಗೆಯೇ. ಮಾತಿಲ್ಲ, ಚಹಾ ಮಾತ್ರ ತಪ್ಪಲಿಲ್ಲ. ಐದನೇ ವಾರ ಕಪ್ಪಿನ ಪಕ್ಕದಲ್ಲಿ ದಪ್ಪ ರಬ್ಬರಿನ ಕೈಗವಸುಗಳಿದ್ದವು. "ಬಳ್ಳ ಹ್ವಾದ್ರ ಹ್ವಾದುವು, ಕೈ ಆದ್ರೂ ಉಳಿಸ್ಕೋ," ಎಂದರು ಬಸಲಿಂಗವ್ವ.

ಕೆನ್ನೆಯನ್ನು ಕೇಳುವುದು ಆಗ ಶುರುವಾಯಿತು. ದೊಡ್ಡ ಗಿಡಗಳಿಗೆ ಕೈಗವಸು. ಸಣ್ಣ ಸಸಿಗಳಿಗೆ ಅದು ಒರಟು, ಒಂದು ಹಿಡಿದರೆ ನಾಲ್ಕು ಬರುತ್ತವೆ; ಅದಕ್ಕೆ ಬರಿಗೈಯೇ ಬೇಕು, ಬುಷರಾಳ ಲೆಕ್ಕಕ್ಕೆ ಕೊನೆಯಿಲ್ಲ. ಯಾವುದನ್ನೇ ಕೀಳುವ ಮೊದಲು ಈಗ ನೆಲಕ್ಕೆ ಬಾಗುತ್ತಾರೆ. ಬೆರಳಿಗೆ ಮೂರು ಗಂಟೆ ಹಿಡಿಯುತ್ತಿದ್ದ ದೊಡ್ಡ ತೋಟ ಕೆನ್ನೆಗೆ ಐದು ಗಂಟೆ ಹಿಡಿಯುತ್ತದೆ. ಹದಿನಾಲ್ಕು ತೋಟಗಳಲ್ಲಿ ಈ ಸಂಗತಿ ಗೊತ್ತಿರುವುದು ಈ ಒಂದಕ್ಕೆ ಮಾತ್ರ. ಈ ಬರಹ ಪತ್ರಿಕೆಯಲ್ಲಿ ಬಂದರೆ ಉಳಿದವು ಕೈಬಿಡಬಹುದಲ್ಲ ಎಂದು ಕೇಳಿದರೆ ಕುರ್ಪಿಗೆ ಅಂಟಿದ ಮಣ್ಣು ಒರೆಸುತ್ತಾರೆ. "ಬರೀರಿ. ಮುಚ್ಚಿಟ್ಟಿದ್ದಕ್ಕ ಇಷ್ಟ ಆತು."

ಈಗ ಫೆಬ್ರವರಿ. ಅದೇ ಮಡಿಯಲ್ಲಿ, ಈ ವಾರ, ಆ ಎರಡೆಲೆಯ ಸಸಿ ಎದ್ದಿದೆ. ಜೂನಿನಲ್ಲಿ ಮೊಳೆಯದೆ ಮಣ್ಣಿನಲ್ಲೇ ಉಳಿದ ಹನುಮವ್ವನ ಬೀಜವೊಂದು ಈಗ ಎದ್ದಿರಬಹುದು. ಉದುರಿದ ಗುಳ್ಳದ ಬೀಜವೂ ಇರಬಹುದು. ನಾಲ್ಕನೆಯ ಎಲೆಯ ಬೆನ್ನು ಚುಚ್ಚಿದರೆ ಗುಳ್ಳ; ಅದು ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಬಸಲಿಂಗವ್ವ ಅದರ ಸುತ್ತ ನಾಲ್ಕು ಹೆಂಚಿನ ಚೂರು ನೆಟ್ಟಿದ್ದಾರೆ. ಅದರ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಹಸೀನಾರಿಗೆ ಏನು ಆಸೆ ಎಂದು ಕೇಳಿದಾಗ, ಅವ್ವಾರಿಗೆ ಒಂದು ಸಲ ಎಣ್ಣೆಗಾಯಿ ಆಗುವಷ್ಟು ಬದನೆ ಎಂದರು. ಮತ್ತೆ ಅದನ್ನೂ ಇಳಿಸಿ, ಬೀಜಕ್ಕೆ ಬಿಡಲು ಒಂದೇ ಕಾಯಿ ಸಾಕು ಎಂದರು.

ಎರಡನೆಯ ವಾರ ಮೂರನೆಯ ಎಲೆ ಬಂತು. ಕೆನ್ನೆ ಏನೂ ಹೇಳಲಿಲ್ಲ. ಅವತ್ತು ಬಸಲಿಂಗವ್ವ ಚಹಾದ ಜೊತೆ ಎರಡು ಬಿಸ್ಕತ್ತು ಹೆಚ್ಚಿಗೆ ಇಟ್ಟಿದ್ದರು.

ಮೂರನೆಯ ವಾರ, ಗುರುವಾರ. ನಾಲ್ಕನೆಯ ಎಲೆ ಅರಳಿದೆ. ಬಸಲಿಂಗವ್ವ ಎಂದಿಗಿಂತ ಮೊದಲೇ ಕುರ್ಚಿಗೆ ಬಂದು ಕೂತಿದ್ದಾರೆ. ಹಸೀನಾ ಕೈಗವಸು ತೆಗೆದು ಪಕ್ಕಕ್ಕಿಟ್ಟು, ಸೆರಗು ಸರಿಸಿ ಬಾಗುತ್ತಾರೆ. ಎಲೆಯ ಬೆನ್ನಿಗೆ ಕೆನ್ನೆ ತಾಗಿಸುತ್ತಾರೆ. ಒಮ್ಮೆ ತೆಗೆದು, ಮತ್ತೆ ತಾಗಿಸುತ್ತಾರೆ. ಎದ್ದಾಗ ಕೆನ್ನೆಯ ಮೇಲೆ ಸಾಸಿವೆಯಷ್ಟು ಕೆಂಪು.

"ಚುಚ್ಚಿತೇನ?" ಬಸಲಿಂಗವ್ವ ಕೇಳುತ್ತಾರೆ.

"ಚುಚ್ಚಿತ್ರಿ ಅವ್ವಾರ."

ಬಸಲಿಂಗವ್ವ ಕಾಂಪೌಂಡ್ ಗೋಡೆಯ ಕಡೆ ನೋಡುತ್ತಾರೆ. ಗೋಡೆಯಾಚೆ ರಿಕ್ಷಾವೊಂದು ಶುರುವಾಗಲು ಒದ್ದಾಡಿ, ಶುರುವಾಗಿ, ಹೋಗುತ್ತದೆ. ಆಮೇಲೆ, ಕೀಳು ಎಂಬಂತೆ, ತಲೆಯಾಡಿಸುತ್ತಾರೆ.

ಹಸೀನಾ ಹೆಂಚಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟು, ಸುತ್ತ ಕುರ್ಪಿ ಆಡಿಸಿ, ಸಸಿಯನ್ನು ಬೇರು ಹರಿಯದಂತೆ ಬಿಡಿಸುತ್ತಾರೆ. ಮಣ್ಣು ಕೊಡವಿ ಅಂಗೈಯಲ್ಲಿಟ್ಟು ಬಸಲಿಂಗವ್ವನ ಮುಂದೆ ಹಿಡಿಯುತ್ತಾರೆ. ಬಸಲಿಂಗವ್ವ ತೋರುಬೆರಳಿನಿಂದ ಎಲೆಯ ಬೆನ್ನನ್ನು ಸವರಿ, ಚುರುಕ್ಕೆಂದು ಕೈ ಹಿಂದೆಗೆದುಕೊಳ್ಳುತ್ತಾರೆ.

"ಈ ಸಲ ತಪ್ಪಲಿಲ್ಲ ನೋಡ್ರಿ," ಎಂದು ಹಸೀನಾ ಗೋಣಿಚೀಲದ ಬಾಯಿ ಬಿಚ್ಚುತ್ತಾರೆ.