ಕರಡಿ ಗಂಟೆ ಬಾರಿಸಿದರೆ ಊಟ

“ನಿಮ್ಮನ್ನ ಒಂದು ಪ್ರಶ್ನೆ ಕೇಳಬಹುದಾ? ದಯವಿಟ್ಟು ತಪ್ಪು ತಿಳ್ಕೋಬೇಡಿ. ಊಟಕ್ಕೆ ಮುಂಚೆ ಬಾಯಿ ತೆರೆದುಕೊಂಡು ಕೂತಿರೋದು ನಿಮ್ಮ ಧರ್ಮದ ಪದ್ಧತಿನಾ?”

ಕೇಳಿದವರು ನನ್ನ ಮಗಳ ಟೀಚರ್ ಮಿಸ್ ಜೂಲಿ. ಫೋನಿನಲ್ಲಿ, ಇಂಗ್ಲಿಷಿನಲ್ಲಿ, ಪಾಪ, ಅತ್ಯಂತ ಗೌರವದಿಂದ. ನಾನು ಆಫೀಸಿನ ಮೀಟಿಂಗಿನಿಂದ ಎದ್ದು ಬಂದು ಕಾರಿಡಾರಿನಲ್ಲಿ ನಿಂತಿದ್ದೆ. ಸ್ಕೂಲಿನ ನಂಬರ್ ಕಂಡರೆ ಯಾವ ತಾಯಿಯ ಎದೆ ತಾನೇ ಧಸಕ್ ಎನ್ನುವುದಿಲ್ಲ? ಜ್ವರವೋ, ಬಿದ್ದಳೋ, ಯಾರನ್ನಾದರೂ ಕಚ್ಚಿದಳೋ ಅಂತ ಎಲ್ಲದಕ್ಕೂ ಸಿದ್ಧಳಾಗಿದ್ದೆ. ಧರ್ಮದ ಪ್ರಶ್ನೆಗೆ ಮಾತ್ರ ಸಿದ್ಧಳಾಗಿರಲಿಲ್ಲ.

ಮಗಳು ಸಾನ್ವಿಗೆ ನಾಲ್ಕು ವರ್ಷ. ಈ ಸೆಪ್ಟೆಂಬರಿನಿಂದ ಇಲ್ಲೇ ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನಲ್ಲಿ ಪೂರ್ತಿ ದಿನದ ಪ್ರಿಸ್ಕೂಲಿಗೆ ಹೋಗುತ್ತಿದ್ದಾಳೆ. ಅಲ್ಲಿಯವರೆಗೆ ಅವಳದ್ದು ಅರ್ಧ ದಿನದ ಸ್ಕೂಲು, ನನ್ನದು ಅರ್ಧ ದಿನದ ಕೆಲಸ. ಮಧ್ಯಾಹ್ನದ ಊಟ ಮನೆಯಲ್ಲೇ ಆಗುತ್ತಿತ್ತು. ಈಗ ಇಬ್ಬರದ್ದೂ ಪೂರ್ತಿ ದಿನ, ಇಬ್ಬರದ್ದೂ ಡಬ್ಬಿ.

ಮಿಸ್ ಜೂಲಿ ವಿವರಿಸಿದರು. ಲಂಚ್ ಟೈಮಿಗೆ ಎಲ್ಲ ಮಕ್ಕಳೂ ಡಬ್ಬಿ ಬಿಚ್ಚುತ್ತಾರೆ. ಸಾನ್ವಿಯೂ ಬಿಚ್ಚುತ್ತಾಳೆ. ಆಮೇಲೆ ನೆಟ್ಟಗೆ ಕೂತು, ತೋರುಬೆರಳಿನಿಂದ ಟೇಬಲನ್ನು ಒಂದೆರಡು ಸಲ ಮುಟ್ಟಿ, ಆ ಅಂತ ಬಾಯಿ ತೆರೆಯುತ್ತಾಳೆ. ತೆರೆದೇ ಇರುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಬಾಯಿ ಮುಚ್ಚಿ, ಡಬ್ಬಿಯನ್ನೂ ಮುಚ್ಚುತ್ತಾಳೆ. (ಮಿಸ್ ಜೂಲಿ ಯೋಗ ಕ್ಲಾಸಿಗೆ ಹೋಗುವವರು. ಬೆರಳಿನದ್ದು ಯಾವುದೋ ಮುದ್ರೆ ಇರಬೇಕು ಅಂದುಕೊಂಡರಂತೆ.) ಪ್ರಾರ್ಥನೆಗೆ ಅಡ್ಡಿಯಾಗಬಾರದು ಅಂತ ಮೊದಮೊದಲು ಯಾರೂ ಅವಳನ್ನು ಮಾತನಾಡಿಸಲೇ ಇಲ್ಲವಂತೆ!

“ಅಯ್ಯೋ, ನಮ್ಮಲ್ಲಿ ಅಂಥ ಪದ್ಧತಿ ಏನಿಲ್ಲ” ಅಂದೆ.

“ಹಾಗಾದ್ರೆ ನಾಳೆ ಲಂಚ್ ಟೈಮಿಗೆ ಒಂದ್ಸಲ ಬಂದು ನೋಡ್ತೀರಾ? ಅವಳು ಇಲ್ಲಿ ಏನೂ ತಿಂತಾ ಇಲ್ಲ. ಹೀಗೇ ಆದ್ರೆ ಸದ್ಯಕ್ಕೆ ಅರ್ಧ ದಿನಕ್ಕೇ ಮನೆಗೆ ಕರ್ಕೊಂಡು ಹೋಗೋದು ಒಳ್ಳೇದು.”

ಏನೂ ತಿನ್ನುತ್ತಿಲ್ಲ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದ್ದುದು ನನಗೂ ಗೊತ್ತಿತ್ತು. ಆದರೆ ನಾನದನ್ನು ಮೆನು ಪ್ರಾಬ್ಲಮ್ ಅಂದುಕೊಂಡಿದ್ದೆ. ಮೊಸರನ್ನ ಹೋಗಿ ಚಪಾತಿ ರೋಲ್ ಬಂತು, ಅದು ಹೋಗಿ ಪಾಸ್ತಾ ಬಂತು. ಸಂಜೆ ಕಾರ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ ಕೂಡಲೇ ರಚ್ಚೆ ಹಿಡಿದು ಅಳುತ್ತಿದ್ದಳು. ಹೊಸ ಸ್ಕೂಲು, ಸುಸ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮಗು ಅಳುತ್ತಿದ್ದುದು ಹಸಿವಿಗೆ.

ಮರುದಿನ ಹೋಗಿ ಕ್ಲಾಸಿನ ಬಾಗಿಲ ಗಾಜಿನಿಂದ ಇಣುಕಿದೆ. ಪಕ್ಕದ ಹುಡುಗ ಸ್ಯಾಂಡ್‌ವಿಚ್ಚನ್ನು ಗುಳುಂ ಮಾಡುತ್ತಿದ್ದ. ಎದುರಿನ ಹುಡುಗಿ ದ್ರಾಕ್ಷಿಯನ್ನು ಮೂಗಿಗೆ ತುರುಕುವ ಪ್ರಯತ್ನದಲ್ಲಿದ್ದಳು. ನನ್ನ ಮಗಳು ಟೇಬಲ್ ಮುಟ್ಟಿದಳು. ಬಾಯಿ ತೆರೆದಳು. ಕಾದಳು. ಮಿಸ್ ಜೂಲಿಗೆ ಇಷ್ಟು ದಿನ ಅರ್ಥವಾಗದ್ದು ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅವಳು ಕಾಯುತ್ತಿದ್ದುದು ದೇವರಿಗಲ್ಲ, ಕರಡಿಗೆ.

ಕರಡಿಯ ಕಥೆ ಹೇಳಿಬಿಡುತ್ತೇನೆ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದು ಗೊತ್ತು. ನಮ್ಮಲ್ಲಿ ಮಗು ಊಟ ಮಾಡುವುದಿಲ್ಲ, ನಾವು ಊಟ ಮಾಡಿಸುತ್ತೇವೆ. ನಮ್ಮನ್ನು ಬೆಳೆಸುವಾಗ ಚಂದಮಾಮನನ್ನು ತೋರಿಸಿ, ಕಾಗೆ ತೋರಿಸಿ, ಗುಮ್ಮ ಬಂದ ಅಂತ ಹೆದರಿಸಿ ತುತ್ತು ಇಟ್ಟರು. ಮೇರಿಲ್ಯಾಂಡಿನ ಜನವರಿ ಚಳಿಯಲ್ಲಿ ಬಾಲ್ಕನಿ ಬಾಗಿಲು ತೆರೆದು ಯಾವ ಚಂದಮಾಮನನ್ನು ತೋರಿಸೋಣ? ಅದಕ್ಕೇ ಟ್ಯಾಬ್ಲೆಟ್. ಎಲ್ಲರ ಮನೆಯಲ್ಲೂ ಟ್ಯಾಬ್ಲೆಟ್. ಆದರೆ ಕಾರ್ಟೂನ್ ಹಾಕಿ ಅನ್ನ ತುರುಕುವ ತಾಯಿ ನಾನಲ್ಲವಲ್ಲ! ನಾನು ಓದಿದವಳು, ತಿಳಿದವಳು. ನನ್ನ ಮಗಳು ತಿನ್ನುತ್ತಾ ಕಲಿಯಬೇಕು. ಹೊಟ್ಟೆಗೂ ಆಯಿತು, ತಲೆಗೂ ಆಯಿತು.

ಶುರುವಾಯಿತು ಆ್ಯಪ್ ಬೇಟೆ. ನನ್ನ ಗಂಡ ಶಿವು ಧಾರವಾಡದವರು, ದೂರದ ಸ್ಟರ್ಲಿಂಗ್ ಊರಿನ ಡೇಟಾ ಸೆಂಟರಿನಲ್ಲಿ ಕೆಲಸ. ಛತ್ರಿ ಕೊಳ್ಳಬೇಕಾದರೂ ರಿವ್ಯೂ ಓದದೆ ಕೈ ಹಾಕುವವರಲ್ಲ. (ನನ್ನನ್ನು ಅದು ಹೇಗೆ ಒಪ್ಪಿಕೊಂಡರೋ!) ಇಬ್ಬರೂ ಸೇರಿ ವಾರಗಟ್ಟಲೆ ಜರಡಿ ಹಿಡಿದೆವು. ಒಂದು ಆ್ಯಪಿನಲ್ಲಿ ಅಕ್ಷರಕ್ಕಿಂತ ಜಾಹೀರಾತೇ ಹೆಚ್ಚು. ಇನ್ನೊಂದು ಎ, ಬಿ, ಸಿ ಮುಗಿದ ಕೂಡಲೇ ಮುಂದಿನದಕ್ಕೆ ಕ್ರೆಡಿಟ್ ಕಾರ್ಡ್ ಕೇಳಿತು. “ಡಿ ಕಲ್ಯಾಕ ರೊಕ್ಕ ಕೊಡೂದಾ? ನಮ್ಮ ಸಾಲ್ಯಾಗ ಝೆಡ್ ತನಕಾ ಫ್ರೀ ಇತ್ತಲ್ಲ!” ಅಂತ ಶಿವು ಕೂಗಾಡಿದರು. ಮತ್ತೊಂದರಲ್ಲಿ ತಪ್ಪು ಉತ್ತರ ಕೊಟ್ಟರೆ ಬಲೂನು ಢಬ್ ಅಂತ ಒಡೆಯುತ್ತಿತ್ತು. ಸಾನ್ವಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಬೇಕಂತಲೇ ತಪ್ಪು ಉತ್ತರ ಕೊಡತೊಡಗಿದಳು. ಕನ್ನಡ ಅಕ್ಷರಮಾಲೆಯದ್ದೂ ಒಂದು ಸಿಕ್ಕಿತು. ಅದರಲ್ಲಿ ಅ, ಆ, ಇ, ಈ ಹೇಳುವ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡುವವರ ಹಾಗೆ ಗದರುತ್ತಿದ್ದಳು. ಮಗು ಸೋಫಾ ಹಿಂದೆ ಅಡಗಿಕೊಂಡಿತು.

ಕೊನೆಗೆ ಸಿಕ್ಕಿದ್ದು ಕರಡಿ.

ಬಂಗಾರದಂಥ ಆ್ಯಪ್ ಕಣ್ರೀ. ಜಾಹೀರಾತಿಲ್ಲ, ಗಲಾಟೆಯಿಲ್ಲ. ಸ್ಕ್ರೀನಿನ ಮೇಲೆ ಅಕ್ಷರಗಳು ಬರುತ್ತವೆ. ಸರಿಯಾದದ್ದನ್ನು ಮುಟ್ಟಿದರೆ ಕರಡಿ ಪುಟ್ಟ ಗಂಟೆಯೊಂದನ್ನು ಬಾರಿಸುತ್ತದೆ. ಟಿಂಗ್! ಅಷ್ಟೇ. ಟಿಂಗ್ ಅಂದಾಗ ಖುಷಿಗೆ ಸಾನ್ವಿಯ ಬಾಯಿ ತಾನಾಗಿಯೇ ತೆರೆಯುತ್ತಿತ್ತು, ಆಗ ನಾನು ಸಾರನ್ನದ ತುತ್ತು ಇಟ್ಟುಬಿಡುತ್ತಿದ್ದೆ. ಟಿಂಗ್, ತುತ್ತು. ಟಿಂಗ್, ತುತ್ತು. ಅವಳ ಕಣ್ಣು, ಬೆರಳು ಎರಡೂ ಕರಡಿಯ ಕಡೆ, ಬಾಯಿ ಮಾತ್ರ ನನ್ನ ಕಡೆ. ಹಟವಿಲ್ಲ, ಓಡಾಟವಿಲ್ಲ, ಬಟ್ಟಲು ಖಾಲಿ. ಆಹಾ, ಎಂಥ ಶಾಂತಿ! ನಾನೂ ಎಡಗೈಯಲ್ಲಿ ನನ್ನ ಫೋನ್ ನೋಡಿಕೊಳ್ಳಬಹುದಿತ್ತು. ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್‌ಗಳಿಗೆ ಹೋದಲ್ಲೆಲ್ಲ ಕರಡಿಯ ಗುಣಗಾನ ಮಾಡಿದೆ. ನನ್ನ ಮಾತು ಕೇಳಿ ಡೌನ್‌ಲೋಡ್ ಮಾಡಿಕೊಂಡವರು ಎಷ್ಟೋ ಮಂದಿ.

ಅವಳು ಅಕ್ಷರ ಕಲಿತಳು, ಸುಳ್ಳಲ್ಲ. ಜೊತೆಗೆ ಇನ್ನೊಂದನ್ನೂ ಕಲಿತಳು. ಊಟ ಅಂದರೆ ಕರಡಿ ಗಂಟೆ ಬಾರಿಸಿದಾಗ ಬಾಯೊಳಗೆ ಬಂದು ಬೀಳುವ ಏನೋ ಒಂದು. ಅದು ಎಲ್ಲಿಂದ ಬರುತ್ತದೆ, ಯಾರು ಇಡುತ್ತಾರೆ ಅಂತ ತಿರುಗಿ ನೋಡಿದವಳೇ ಅಲ್ಲ. ಡಬ್ಬಿಯಲ್ಲಿರುವುದೂ ಅದೇ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು, ನೀವೇ ಹೇಳಿ?

ಅಂದು ಸಂಜೆ ಟ್ಯಾಬ್ಲೆಟ್ ಬಟ್ಟೆ ಇಡುವ ಕ್ಲಾಸೆಟ್ಟಿನ ಮೇಲಿನ ಶೆಲ್ಫಿಗೆ ಹೋಯಿತು. ತಟ್ಟೆ ಮುಂದಿಟ್ಟೆ.

“ಊಟ ಮಾಡು ಪುಟ್ಟಾ.”

“ಬೇರ್ ಎಲ್ಲಿ?”

“ಬೇರ್ ಮಲಗಿದೆ.”

“ಓಕೆ. ಐ ವಿಲ್ ವೇಟ್.”

ಕಾದಳು. ನಾವೂ ಕಾದೆವು. ಶಿವು ತಡೆಯಲಾರದೆ ಸ್ಟೀಲ್ ಲೋಟಕ್ಕೆ ಚಮಚ ಬಡಿದು ಟಿಂಗ್ ಅನಿಸಿದರು. “ಅಪ್ಪಾ, ನೀನು ಬೇರ್ ಅಲ್ಲ” ಅಂದಳು ಮಗಳು, ಬಹಳ ಶಾಂತವಾಗಿ. ಕೊನೆಗೆ ಹಾಲು ಕುಡಿದು ಮಲಗಿದಳು. ನನಗೆ ಅಳು ಬಂದುಬಿಟ್ಟಿತು. ಅರ್ಧ ದಿನಕ್ಕೇ ಕರೆತರುವುದಾದರೆ ನನ್ನ ಕೆಲಸದ ಗತಿಯೇನು? ಅದು ಹಾಳಾಗಲಿ, ಅಷ್ಟು ಜನ ಮಕ್ಕಳ ನಡುವೆ ತುಂಬಿದ ಡಬ್ಬಿಯ ಮುಂದೆ ನನ್ನ ಮಗು ಹಸಿದು ಕೂರುವುದೆಂದರೇನು?

ಪಾಟೀಲ ಅಂಕಲ್‌ಗೆ ಫೋನ್ ಮಾಡಿದೆ. ಬಾಗಲಕೋಟೆ ಕಡೆಯವರು, ಮಕ್ಕಳ ಡಾಕ್ಟರಾಗಿ ರಿಟೈರ್ ಆದವರು. ಅವರು ಈ ದೇಶಕ್ಕೆ ಬಂದಾಗ ನಾವಿನ್ನೂ ಹುಟ್ಟಿರಲಿಲ್ಲ. ಇಲ್ಲಿನ ಎಷ್ಟೋ ಕನ್ನಡದ ಮಕ್ಕಳ ಕಿವಿ, ಗಂಟಲು ನೋಡಿದವರು ಅವರೇ. ಎಲ್ಲ ಕೇಳಿಸಿಕೊಂಡು ಮೊದಲು ಹೊಟ್ಟೆ ತುಂಬ ನಕ್ಕರು.

“ಜ್ವರ ಗಿರ ಏನಾರ ಐತೇನು?”

“ಇಲ್ಲ ಅಂಕಲ್.”

“ಹಂಗಾರ ಹೆದರಬ್ಯಾಡವಾ. ಒಂದ್ ಕೆಲಸ ಮಾಡು. ಅಕಿಗೆ ಉಣ್ಣಸೂದು ಬಿಟ್ಟಬಿಡು. ನೀವು ಮೂರೂ ಮಂದಿ ಕೂಡಿ ಕುಂತು ಉಣ್ರಿ. ಕೂಸು ನೋಡಿ ಕಲೀತೈತಿ. ಅದಕ್ಕ ನೋಡಾಕ ಏನಾರ ಮುಂದ ಇಡ್ರಿ. ಅಲ್ಲಾ, ನೀವು ಮೂರೂ ಮಂದಿ ಕೂಡಿ ಉಂಡು ಎಷ್ಟ್ ದಿನಾತು?”

ಶಿವು ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಸಾನ್ವಿಯ ಊಟ ಮುಗಿದಿರುತ್ತಿತ್ತು. ಅವರ ಊಟ ಟಿವಿ ಮುಂದೆ. ನನ್ನದು ಅಡುಗೆಮನೆಯಲ್ಲಿ ನಿಂತುಕೊಂಡೇ. ಮಗಳಾದರೂ ಕರಡಿಯ ಜೊತೆಯಲ್ಲಿ ಉಣ್ಣುತ್ತಿದ್ದಳು, ನಮಗೆ ಅದೂ ಇರಲಿಲ್ಲ.

ಮರುದಿನ ಶನಿವಾರ, ಮೂವರೂ ಡೈನಿಂಗ್ ಟೇಬಲಿಗೆ ಕೂತೆವು. ಅನ್ನ, ಬೇಳೆಸಾರು, ಹಪ್ಪಳ. ಶಿವು ಜೋರಾಗಿ ಕಲಸಿ, ಸೊರ್ ಅಂತ ಸದ್ದು ಮಾಡಿಕೊಂಡು, ನಾಟಕದವರ ಹಾಗೆ ಉಣ್ಣುತ್ತಿದ್ದರು. ಸಾನ್ವಿ ನೋಡುತ್ತಿದ್ದಳು. ತಟ್ಟೆ ಮುಟ್ಟಲಿಲ್ಲ. ನನ್ನ ತಾಳ್ಮೆ ಎಷ್ಟು ಹೊತ್ತು ಇದ್ದೀತು? ಎಡಗೈಗೆ ಫೋನ್ ಬಂತು. ಮಕ್ಕಳಿಗೆ ತಾವೇ ಉಣ್ಣುವುದನ್ನು ಕಲಿಸುವ ಆ್ಯಪ್ ಏನಾದರೂ ಇದೆಯಾ ಅಂತ ಹುಡುಕಿದೆ. ಇದೆ ಕಣ್ರೀ! ನಾಲ್ಕೂವರೆ ಸ್ಟಾರ್! ಕರಡಿಯ ಬದಲು ಮೊಲ. ರಿವ್ಯೂಗಳನ್ನು ಓದುತ್ತಾ ಹೋದೆ. ಒಬ್ಬಳಿಗೆ ಇಷ್ಟವಾಗಿದೆ, ಇನ್ನೊಬ್ಬಳಿಗೆ ಮೊಲದ ಬಣ್ಣದ ಬಗ್ಗೆ ತಕರಾರು.

ಅಷ್ಟರಲ್ಲಿ ತುಟಿಗೆ ಬೆಚ್ಚಗೆ ಏನೋ ತಾಗಿತು. ಬಾಯಿ ತೆರೆದೆ. ಸಾರನ್ನ. ಅರ್ಧ ಬಾಯೊಳಗೆ, ಅರ್ಧ ಗಲ್ಲದ ಮೇಲೆ.

“ಟಿಂಗ್!” ಅಂದಳು ಸಾನ್ವಿ.

ಕುರ್ಚಿಯ ಮೇಲೆ ಮೊಣಕಾಲೂರಿ, ಟೇಬಲಿನ ಮೇಲೆ ಬಗ್ಗಿ, ಮುಷ್ಟಿ ತುಂಬ ಅನ್ನ ಹಿಡಿದುಕೊಂಡಿದ್ದಳು. ಕೊಟ್ಟದ್ದು ಯಾರು, ಕೊಟ್ಟದ್ದು ಏನು ಅಂತ ನಾನು ತಲೆ ಎತ್ತಿಯೂ ನೋಡಿರಲಿಲ್ಲ. ಬಾಯಿ ಮಾತ್ರ ತೆರೆದಿದ್ದೆ. ಮೊಲದ ರಿವ್ಯೂ ಇನ್ನೂ ಕೈಯಲ್ಲೇ ಇತ್ತು.

ಶಿವು ನಕ್ಕು ನಕ್ಕು ಕೆಮ್ಮಿದರು. “ಕೂಸು ನೋಡಿ ಕಲೀತೈತಿ ಅಂದಿದ್ರಲ್ಲ ಡಾಕ್ಟ್ರು! ಯಾರ್ನ ನೋಡಿ ಕಲತೈತಿ ಅಂತ ಈಗ ಗೊತ್ತಾತು ನೋಡು.”

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಫೋನನ್ನು ಸೋಫಾ ಮೇಲಕ್ಕೆ ಎಸೆದೆ. “ಇನ್ನೊಂದು ಕೊಡು” ಅಂತ ಈ ಸಲ ಅವಳನ್ನೇ ನೋಡುತ್ತಾ ಬಾಯಿ ತೆರೆದೆ. ಟಿಂಗ್! ಅಪ್ಪನಿಗೂ ಟಿಂಗ್! ಕೈಯೆಲ್ಲ ಸಾರು. ಬೆರಳು ನೆಕ್ಕಿದಳು. ಮತ್ತೆ ನೆಕ್ಕಿದಳು. ಕಣ್ಣು ಇಷ್ಟಗಲ ಮಾಡಿ, “ಅಮ್ಮಾ! ದಿಸ್ ಈಸ್ ಬೇರ್ ಕೊಡೋ ಊಟ!” ಅಂದಳು.

“ಹೌದು ಕಂದಾ, ಅದೇ” ಅಂದೆ.

ಆಮೇಲಿನದು ಚಿಕ್ಕ ಕಥೆ. ಸೋಮವಾರ ಡಬ್ಬಿ ಮುಕ್ಕಾಲು ತುಂಬಿ ಬಂತು. ದಿನ ಕಳೆದಂತೆ ಅರ್ಧಕ್ಕೆ ಇಳಿಯಿತು. ಒಂದು ಸಂಜೆ ಕಾರಿನಲ್ಲಿ ಅಳು ಕೇಳಿಸದೆ ನನಗೇ ಗಾಬರಿಯಾಗಿ ಡಬ್ಬಿ ಬಿಚ್ಚಿ ನೋಡಿದೆ. ತಳದಲ್ಲಿ ಒಂದಿಷ್ಟು ಮೊಸರು, ಒಂದು ಕರಿಬೇವಿನ ಎಲೆ. ಮಿಸ್ ಜೂಲಿಯೂ ಫೋನ್ ಮಾಡಿದರು. ಪ್ರಾರ್ಥನೆ ನಿಂತಿದೆಯಂತೆ. ಆದರೆ ಪಕ್ಕದ ಹುಡುಗನ ಬಾಯಿಗೆ ಚಪಾತಿ ಇಟ್ಟು ಟಿಂಗ್ ಅನ್ನುತ್ತಾಳಂತೆ. ದಯವಿಟ್ಟು ಅದೊಂದನ್ನು ನಿಲ್ಲಿಸಿ, ಅಲರ್ಜಿ ಭಯ ಅಂದರು. ಅರ್ಧ ದಿನದ ಮಾತು ಮತ್ತೆ ಬರಲಿಲ್ಲ.

ಹೋದ ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿದ್ದೆವು. ಪೂಜೆ ಮುಗಿಸಿ ಕೆಳಗೆ ಕ್ಯಾಂಟೀನಿನಲ್ಲಿ ಕೂತಾಗ ಸಾನ್ವಿ ಪುಳಿಯೋಗರೆಯನ್ನು ತಾನೇ ಕೈಯಿಂದ ತಿನ್ನುತ್ತಿದ್ದಳು. ಮುಖಕ್ಕೆ, ರೇಷ್ಮೆ ಲಂಗಕ್ಕೆ, ಪಕ್ಕದ ಕುರ್ಚಿಗೆ, ಎಲ್ಲಕ್ಕೂ ಪುಳಿಯೋಗರೆ. ಎದುರಿನ ಟೇಬಲಿನಲ್ಲಿ ನನ್ನ ಗೆಳತಿ ಶ್ವೇತಾ ಮತ್ತು ಅವಳ ಮಗ. ನೀರಿನ ಬಾಟಲಿಗೆ ಒರಗಿಸಿದ ಫೋನಿನಲ್ಲಿ ಕರಡಿ. ನಾನೇ ಹಾಕಿಕೊಟ್ಟಿದ್ದ ಕರಡಿ! ಟಿಂಗ್, ತುತ್ತು. ಟಿಂಗ್, ತುತ್ತು.

ಶ್ವೇತಾ ಸಾನ್ವಿಯನ್ನು ನೋಡಿ ಬೆರಗಾದಳು. “ಅಯ್ಯಯ್ಯೋ, ತಾನೇ ತಿಂತಾಳಲ್ಲೇ! ಅದೂ ಸ್ಕ್ರೀನ್ ಇಲ್ದೆ!” ಅಂದವಳೇ ಬಾಟಲಿಗೆ ಒರಗಿದ್ದ ಫೋನನ್ನು ಎತ್ತಿಕೊಂಡಳು. ಕರಡಿ ಮಾಯವಾಯಿತು, ಆ್ಯಪ್ ಸ್ಟೋರ್ ಬಂತು. ಅವಳ ಮಗ ಬಾಯಿ ತೆರೆದುಕೊಂಡು ಹಾಗೇ ಕೂತಿದ್ದ.

“ಇದನ್ನ ಯಾವ ಆ್ಯಪಲ್ಲಿ ಕಲ್ಸಿದ್ಯೇ? ಹೆಸರು ಹೇಳು, ಈಗ್ಲೇ ಹಾಕ್ಕೋತೀನಿ. ಫ್ರೀನಾ?”

ಏನಂತ ಹೇಳಲಿ, ನೀವೇ ಹೇಳಿ?